ನಮ್ಮ ಮನೆಯ ಹಳೆಯ ಡ್ರೈವರ್

ಅವರೆಕಾಳು ಹಿತುಕುತ್ತಿರುವ ಹೆಂಗಸಿಗೆ ಕೆಟ್ಟ ಸುದ್ದಿ ಹೇಳಬಾರದು ಎಂಬುದು ನನ್ನ ಅನುಭವ. ನೆನೆದ ಕಾಳು ಎರಡು ಬೆರಳ ನಡುವೆ ಇರುತ್ತದೆ, ಬಾಯಲ್ಲಿ ಯಾವುದೋ ದೇವರನಾಮ ಇರುತ್ತದೆ, ಮನಸ್ಸು ಹಗುರಾಗಿರುತ್ತದೆ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಬೆರಳು ಬಿಗಿಯಾಗಿ ಬೇಳೆ ಚಿಮ್ಮಿ ಫ್ರಿಜ್ಜಿನ ಕೆಳಗೆ ಸೇರಿಕೊಳ್ಳುತ್ತದೆ. ಆ ಗುರುವಾರ ಬೆಳಿಗ್ಗೆ ನಮ್ಮ ಫ್ರಿಜ್ಜಿನ ಕೆಳಗೆ ಒಂದು ಹಿಡಿ ಬೇಳೆ ಸೇರಿದ್ದು ಹೀಗೆ. ಮಗಳು ಚೈತ್ರಾ ಅಡುಗೆಮನೆ ಬಾಗಿಲಲ್ಲಿ ನಿಂತು, “ಅಮ್ಮ, ಕಂಪ್ಯೂಟರ್ ತಾನೇ ಅಪ್‌ಡೇಟ್ ಆಗ್ಬಿಟ್ಟಿದೆ. ಈಗ ಪ್ರಿಂಟರ್ ಯಾರು ಅಂತ್ಲೇ ಅದಕ್ಕೆ ಗೊತ್ತಾಗ್ತಿಲ್ಲ,” ಎಂದಳು.

ಚೆನ್ನಾಗಿ ನಡೆಯುತ್ತಿರುವುದನ್ನು ಹೇಳದೆ ಕೇಳದೆ ಕೆಡಿಸುವುದಕ್ಕೆ ನಮ್ಮ ಕಾಲದಲ್ಲಿ ಕಿತಾಪತಿ ಎನ್ನುತ್ತಿದ್ದರು. ಈಗ ಅದಕ್ಕೆ ಇಂಗ್ಲಿಷ್ ಹೆಸರು ಬಂದಿದೆ. ಕಂಪ್ಯೂಟರು ಮತ್ತು ಪ್ರಿಂಟರು ನಮ್ಮ ಬಸವೇಶ್ವರನಗರದ ಮನೆಗೆ ಒಂದೇ ದಿನ, ಒಂದೇ ಆಟೋದಲ್ಲಿ ಬಂದವು. ಇಷ್ಟು ವರ್ಷ ಪಕ್ಕಪಕ್ಕದಲ್ಲೇ ಇದ್ದವು. ಪ್ರತಿ ಆಯುಧಪೂಜೆಗೂ ಎರಡಕ್ಕೂ ಸಮಸಮವಾಗಿ ಕುಂಕುಮ, ಸೇವಂತಿಗೆ. ಪ್ರಿಂಟರಿನ ಮುಚ್ಚಳದ ಮೇಲೆ ಹಳೆಯ ಕುಂಕುಮದ ಕಲೆ ಎಷ್ಟು ಒರೆಸಿದರೂ ಹೋಗುವುದಿಲ್ಲ. ಈಗ ಇದ್ದಕ್ಕಿದ್ದಂತೆ ‘ನೀನು ಯಾರೋ ನಾನು ಕಾಣೆ’ ಎಂದರೆ ಯಾರು ಒಪ್ಪುತ್ತಾರೆ?

ಬೇರೆ ದಿನವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಮರುದಿನ ಶುಕ್ರವಾರ, ಭಜನಾ ಮಂಡಳಿಯ ಹೆಂಗಸರು ನಮ್ಮ ಮನೆಗೆ ಬರುವವರಿದ್ದರು, ಭಜನೆ ಹೇಳಿಕೊಡಲು ನಮ್ಮ ಅತ್ತೆ ಒಪ್ಪಿದ್ದರು. ಅದು ಸಣ್ಣ ಮಾತಲ್ಲ. ಒಂದು ಕಾಲಕ್ಕೆ ಆ ಮಂಡಳಿಯನ್ನು ನಡೆಸುತ್ತಿದ್ದವರೇ ಅವರು. ಕಣ್ಣು ಮಂಜಾದ ಮೇಲೆ, ಕನ್ನಡಕ ಬದಲಿಸಿದರೂ ಪ್ರಯೋಜನವಿಲ್ಲವೆಂದು ಡಾಕ್ಟರು ಹೇಳಿದ ಮೇಲೆ, ಗೋಡೆಗೆ ಒರಗಿ ಕೂತು ತುಟಿಯಷ್ಟೇ ಅಲ್ಲಾಡಿಸುತ್ತಿದ್ದರು. ಮಧ್ಯೆ ಸಾಲು ಮರೆತರೆ ತಲೆ ತಗ್ಗಿಸಿಬಿಡುತ್ತಿದ್ದರು. ನೋಡಲು ನನಗೆ ಹಿಂಸೆ. “ಅವರೆಕಾಳಿನಷ್ಟು ದಪ್ಪ ಅಕ್ಷರದಲ್ಲಿ ಮಾಡಿಕೊಡ್ತೀನಿ, ನೀವು ಹೇಳಿಕೊಡಿ,” ಎಂದು ನಾನೇ ಪೀಡಿಸಿದ್ದೆ. “ಹಾಳೆ ಕೈಗೆ ಬರ್ಲಿ, ಆಮೇಲೆ ನೋಡೋಣ,” ಎಂದಿದ್ದರು. ಅವರ ಬಾಯಲ್ಲಿ ಅದು ಒಪ್ಪಿಗೆ. ಒಂದು ಹಾಳೆಗೆ ಒಂದೇ ಭಜನೆ ಎಂದು ಎಲ್ಲವನ್ನೂ ಟೈಪು ಮಾಡಿ ಮುಗಿಸಿದ್ದೆ. ಪುಣ್ಯಕ್ಕೆ ಅದಾದರೂ ಅಳಿಸಿಹೋಗಿರಲಿಲ್ಲ.

ಬೀದಿ ತುದಿಯ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ತೆಗೆದುಕೊಂಡು ಹೋದೆ. ಅಲ್ಲಿನ ಕಂಪ್ಯೂಟರಿನಲ್ಲಿ ನಮ್ಮ ಕನ್ನಡ ಫಾಂಟ್ ಇರಲಿಲ್ಲ. ಗಣಪತಿಯಿಂದ ಹಿಡಿದು ದೇವಿಯವರೆಗೆ ಸಕಲ ದೇವತೆಗಳೂ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಡಾಲರ್ ಗುರುತುಗಳಾಗಿ ದರ್ಶನ ಕೊಟ್ಟರು. ಡಾಲರ್ ನೋಡಿ ಅಂಗಡಿಯವನು, “ಲಕ್ಷ್ಮೀ ಭಜನೆ ಇರ್ಬೇಕು ಆಂಟಿ,” ಎಂದ. ಬೇರೆ ಥರ ಸೇವ್ ಮಾಡಿಕೊಡುತ್ತೇನೆ, ಅಲ್ಲೇ ಬರುತ್ತದೆ ಎಂದು ಚೈತ್ರಾ ಫೋನಿನಲ್ಲಿ ಹೇಳಿದಳು. ಅಷ್ಟರಲ್ಲಿ ನನಗೆ ಹಠ ಬಂದಿತ್ತು. ಮನೆಯಲ್ಲಿ ಗಟ್ಟಿಮುಟ್ಟಾದ ಪ್ರಿಂಟರ್ ಕೂತಿರುವಾಗ ಕಂಡವರ ಅಂಗಡಿ ಮುಂದೆ ನಾನೇಕೆ ನಿಲ್ಲಲಿ? ತಿರುಗಿ ಬಂದುಬಿಟ್ಟೆ.

ರಾಜಾಜಿನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರ ನಂಬರ್ ಇತ್ತು. ಮತ್ತೆ ಕಾಳು ಹಿತುಕಲು ಕೂತು ಕೈಯೆಲ್ಲ ಅವರೆ ಸೊಗಡಾಗಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟೆ. ಹಾಲ್‌ನಲ್ಲಿ ನಮ್ಮ ಯಜಮಾನರು ಪೇಪರ್ ಓದುತ್ತಿದ್ದರು. ಇಲ್ಲಿ ಒಂದು ಮಾತು ಹೇಳಬೇಕು: ನಮ್ಮ ಯಜಮಾನರು ರಿಟೈರ್ ಆದ ಸಿಟಿ ಬಸ್ ಡ್ರೈವರ್. ಕೆಂಗೇರಿಯಿಂದ ಮೆಜೆಸ್ಟಿಕ್‌ವರೆಗಿನ ಒಂದೊಂದು ಹಳ್ಳವೂ ಅವರಿಗೆ ಹೆಸರಿಟ್ಟು ಕರೆಯುವಷ್ಟು ಪರಿಚಯ.

“ಆಂಟಿ, ನಿಮ್ಮ ಡ್ರೈವರ್ ತುಂಬಾ ಹಳೇದಾಯ್ತು,” ಎಂದಿತು ಫೋನು.

“ಹಳೇದಾದ್ರೆ ಏನಪ್ಪ, ಇಷ್ಟು ದಿನ ಚೆನ್ನಾಗೇ ನಡೀತಿತ್ತಲ್ಲ.”

“ಈಗಿನ ಸಿಸ್ಟಮ್‌ಗೆ ಅದು ಹೊಂದ್ಕೊಳ್ಳಲ್ಲ. ಪೂರ್ತಿ ಕಿತ್ತಾಕಿ. ಹಳೇದನ್ನ ಒಳಗೇ ಇಟ್ಕೊಂಡು ಹೊಸಾದು ತಂದ್ರೆ ಎರಡಕ್ಕೂ ಜಗಳ ಆಗುತ್ತೆ.”

“ಹೊಸಾದು ಸಿಗುತ್ತಾ?”

“ಈ ಮಾಡೆಲ್‌ಗೆ ಬರೋದೇ ನಿಂತೋಯ್ತು ಆಂಟಿ. ಎಕ್ಸ್‌ಚೇಂಜ್‌ಗೆ ತಂದ್ಬಿಡಿ, ಸಾಗಿಸಿಬಿಡೋಣ.”

ಹಾಲ್‌ನಲ್ಲಿ ಪೇಪರ್ ಮಡಚಿದ ಸದ್ದಾಯಿತು. ಯಜಮಾನರು ಅಡುಗೆಮನೆ ಬಾಗಿಲಿಗೆ ಬಂದು ನಿಂತು, ಕನ್ನಡಕದ ಮೇಲಿಂದ ಫೋನನ್ನೂ ನನ್ನನ್ನೂ ನೋಡಿದರು. “ಯಾರೇ ಅವನು, ನನ್ನನ್ನ ಎಕ್ಸ್‌ಚೇಂಜ್‌ಗೆ ಹಾಕ್ತಾ ಇರೋನು?”

ಚೈತ್ರಾ ನಗುತ್ತಾ ನೆಲದ ಮೇಲೇ ಕೂತುಬಿಟ್ಟಳು. ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ಮಾತು ದಾಟಿಸುವ ಒಂದು ಪ್ರೋಗ್ರಾಂ ಇರುತ್ತದೆ, ಅದರ ಹೆಸರು ಡ್ರೈವರ್, ಅಪ್‌ಡೇಟ್ ಆದ ಮೇಲೆ ನಮ್ಮ ಡ್ರೈವರ್ ಉಪಯೋಗಕ್ಕೆ ಬರುತ್ತಿಲ್ಲ, ಅದಕ್ಕೇ ಪ್ರಿಂಟರನ್ನೇ ಎಕ್ಸ್‌ಚೇಂಜ್‌ಗೆ ಹಾಕಿ ಅನ್ನುತ್ತಿದ್ದಾರೆ ಎಂದು ಬಿಡಿಸಿ ಹೇಳಿದಳು. ಅವರಿಗೆ ಸಮಾಧಾನವಾಗುವ ಬದಲು ಇನ್ನೂ ರೇಗಿತು.

“ಗಾಡಿ ಸರಿಯಾಗಿದೆ ತಾನೇ?”

“ಗಾಡಿ ಚೆನ್ನಾಗೇ ಇದೆ ಅಪ್ಪ.”

“ಮತ್ತೆ? ಡ್ರೈವರ್ ಬರ್ಲಿಲ್ಲ ಅಂತ ನಮ್ಮ ಡಿಪೋಲಿ ಬಸ್‌ನ ಗುಜರಿಗೆ ಹಾಕ್ತಿದ್ರಾ? ಬೇರೆ ರೂಟ್‌ನವ್ನನ್ನ ಹತ್ತಿಸಿ ಕಳಿಸ್ತಿದ್ರು. ನಾಯಂಡಹಳ್ಳಿ ಹತ್ರ ಎಲ್ಲೋ ಒಂದು ಕಡೆ ತಪ್ಪು ತಿರುಗಿಸೋನು. ಜನ ಕೂಗ್ತಿದ್ರು, ಸರಿ ಮಾಡ್ಕೊಳ್ಳೋನು. ಊರಂತೂ ಸೇರ್ತಿತ್ತು.”

“ಅಪ್ಪ, ಅದಕ್ಕೂ ಇದಕ್ಕೂ…” ಎಂದು ಶುರು ಮಾಡಿದ ಚೈತ್ರಾ ಅಲ್ಲೇ ನಿಂತಳು. ಎದ್ದು ಕಂಪ್ಯೂಟರಿನ ಮುಂದೆ ಹೋಗಿ ಕೂತಳು. ಅದೇ ಕಂಪನಿಯ ಇನ್ನೊಂದು ಮಾಡೆಲ್ ಇದೆಯಂತೆ, ನಮ್ಮದಕ್ಕೆ ತಮ್ಮನ ವರಸೆಯದು. ಅದರ ಡ್ರೈವರ್ ಇನ್ನೂ ಕೆಲಸದಲ್ಲಿದೆ. ಅದನ್ನು ಇಳಿಸಿಕೊಂಡು, ಹಳೆಯದನ್ನು ತೆಗೆದು, ಇದನ್ನು ಹತ್ತಿಸಿದಳು. ಹೊಸ ಡ್ರೈವರ್ ಹತ್ತುವವರೆಗೆ ನಾನು ತುಪ್ಪದ ದೀಪ ಹಚ್ಚಿ ಕೂತಿದ್ದೆ. ಪ್ರಿಂಟರ್ ಒಮ್ಮೆ ಕೆಮ್ಮಿತು, ನಡುಗಿತು, ಆಮೇಲೆ ಬಿಸಿಬಿಸಿ ಹಾಳೆಗಳನ್ನು ಒಂದರ ಮೇಲೊಂದು ಉಗುಳತೊಡಗಿತು. ಪುಟ ತುಂಬ ನಾಲ್ಕೇ ಸಾಲು, ಅವರೆಕಾಳಿಗಿಂತ ದಪ್ಪ ಅಕ್ಷರ. ನಾನು ರಾಜಾಜಿನಗರಕ್ಕೆ ಮತ್ತೆ ಫೋನು ಮಾಡಿ, “ನಮ್ಮ ಡ್ರೈವರ್‌ನ ಕಳಿಸಲ್ಲಪ್ಪ, ಮನೇಲೇ ಇರ್ತಾರೆ,” ಎಂದು ಹೇಳಿ ಇಟ್ಟೆ. ಹೇಳಬೇಕಾದ ಅಗತ್ಯವೇನೂ ಇರಲಿಲ್ಲ. ಆದರೂ ಹೇಳಿದೆ. ಅದೇ ಖುಷಿಯಲ್ಲಿ ಹಾಳೆಗಳನ್ನು ಬಂದದ್ದು ಬಂದ ಹಾಗೆ ಜೋಡಿಸಿ, ತೂತು ಮಾಡಿ, ಹೂ ಕಟ್ಟುವ ದಾರದಲ್ಲಿ ಬಿಗಿದು ಅತ್ತೆಯ ಕೈಗಿಟ್ಟೆ. ಅವರು ಅಕ್ಷರಗಳ ಮೇಲೆ ಬೆರಳಾಡಿಸಿದರು. ರಾತ್ರಿ ಊಟದಲ್ಲಿ ಬೇಳೆಸಾರನ್ನು ಎರಡು ಸಲ ಹಾಕಿಸಿಕೊಂಡರು.

ಶುಕ್ರವಾರ ಮಧ್ಯಾಹ್ನ ಹಾಲ್ ತುಂಬ ಹೆಂಗಸರು. ನಾನು ಒಳಗೆ ಪ್ರಸಾದಕ್ಕೆ ಉಪ್ಪಿಟ್ಟಿನ ಒಗ್ಗರಣೆ ಹಾಕುತ್ತಿದ್ದೆ. ಭಜನೆಗಳೆಲ್ಲ ಮುಗಿಯುವ ಹೊತ್ತಿಗೆ ಉಪ್ಪಿಟ್ಟು ಸಿದ್ಧವಾಗಬೇಕೆಂದು ಲೆಕ್ಕ. ಸಾಸಿವೆ ಸಿಡಿಯುವಷ್ಟರಲ್ಲಿ ಅತ್ತೆಯ ದನಿ ಕೇಳಿತು, ಹಿಂದಿನಂತೆಯೇ ಗಟ್ಟಿಯಾಗಿ. ಕಣ್ಣು ತುಂಬಿ ಬಂತು. ಆಮೇಲೆ ಕಿವಿಗೆ ಪದ ಬಿತ್ತು. ಅವರು ಹೇಳುತ್ತಿದ್ದದ್ದು ಮಂಗಳ.

ಮಂಗಳ ಶುರುವಾಯಿತೆಂದರೆ ನಮ್ಮವರಿಗೆ ಕಾಲು ತಾನಾಗಿಯೇ ಏಳುತ್ತದೆ. ನಾನು ಸೌಟು ಹಿಡಿದು ಹೊರಗೆ ಬರುವಷ್ಟರಲ್ಲಿ ಅರ್ಧ ಜನ ಎದ್ದು ನಿಂತಿದ್ದರು, ಎದುರು ಮನೆಯವರು ಕರ್ಪೂರ ಹಚ್ಚಿಬಿಟ್ಟಿದ್ದರು, ಒಬ್ಬರು ವ್ಯಾನಿಟಿ ಬ್ಯಾಗನ್ನು ಹೆಗಲಿಗೇರಿಸಿದ್ದರು. ಆಗ ನನಗೆ ಹೊಳೆಯಿತು. ತಮ್ಮನ ರೂಟಿನ ಡ್ರೈವರ್ ಕೊನೆಯ ಹಾಳೆಯನ್ನು ಮೇಲಕ್ಕಿಟ್ಟಿದ್ದ. ಪುಟಕ್ಕೆ ನಂಬರ್ ಹಾಕುವ ಬುದ್ಧಿ ನನಗಿರಲಿಲ್ಲ. ನೋಡಿ ಜೋಡಿಸುವ ಬುದ್ಧಿ ಮೊದಲೇ ಇರಲಿಲ್ಲ.

“ಯಾಕ್ರಮ್ಮ ಎದ್ದ್ರಿ? ಕೂತ್ಕೊಳ್ಳಿ. ಇನ್ನೂ ಒಂದೇ ಹಾಳೆ ಆಗಿರೋದು,” ಎಂದರು ಅತ್ತೆ.

“ಅಮ್ಮ, ಮಂಗಳ ಹೇಳ್ಬಿಟ್ರಲ್ಲ,” ಎಂದರು ಬ್ಯಾಗಿನವರು.

“ಮಂಗಳ ಅಂದ್ರೆ ಒಳ್ಳೇದು ತಾನೇ? ಒಳ್ಳೇದನ್ನ ಮೊದ್ಲೇ ಹೇಳಿದ್ರೆ ಅಮ್ಮನವರು ಬೇಡ ಅಂತಾರಾ?”

ಸರಿಯಾಗಿ ಜೋಡಿಸಿಕೊಡುತ್ತೇನೆಂದು ಚೈತ್ರಾ ಕೈಚಾಚಿದಳು. ಅತ್ತೆ ಹಾಳೆಗಳನ್ನು ಎದೆಗೆ ಒತ್ತಿಕೊಂಡರು. “ಮುಟ್ಬೇಡ ಕಣೇ. ಕಣ್ಣಿಗೆ ಕಾಣಿಸ್ತಾ ಇದೆ.”

ಎಲ್ಲರೂ ಕೂತರು. ಅತ್ತೆ ಒಂದೊಂದೇ ಹಾಳೆ ಮಗುಚುತ್ತಾ ದೇವಿ, ಶಿವ, ರಾಮ, ಕೃಷ್ಣರನ್ನೆಲ್ಲ ಹಿಂದುಮುಂದಾಗಿ ಕರೆದು, ಒಂದು ಸಾಲೂ ತಪ್ಪದೆ, ಕಟ್ಟಕಡೆಗೆ ಗಣಪತಿಯನ್ನು ಹಾಡಿ ಹಾಳೆ ಮುಚ್ಚಿದರು. ಮಂಡಳಿಯವರು ಮತ್ತೊಮ್ಮೆ ಕರ್ಪೂರ ಹಚ್ಚಿದರು. ನನ್ನ ಉಪ್ಪಿಟ್ಟಿಗೂ ಸಮಯ ಸಿಕ್ಕಿತು, ದೇವರು ದೊಡ್ಡವನು. ಬಾಗಿಲ ಬಳಿ ನಿಂತಿದ್ದ ಯಜಮಾನರು, “ರಿವರ್ಸ್ ಗೇರಲ್ಲೇ ಊರು ಸೇರಿಸಿದ್ರು ನಮ್ಮಮ್ಮ,” ಎಂದರು.

ಎಲ್ಲರೂ ಹೋದ ಮೇಲೆ ಚೈತ್ರಾ, “ಬಾ ಅಮ್ಮ, ಮೊದಲ ಹಾಳೆ ಮೇಲೆ ಬರೋ ಹಾಗೆ ಸೆಟ್ಟಿಂಗ್ ತೋರಿಸ್ತೀನಿ,” ಎಂದಳು. “ಆಮೇಲೆ ನೋಡೋಣ ಕಣೇ,” ಎಂದೆ. ಅಪ್‌ಡೇಟ್ ಬಂದಾಗಲೆಲ್ಲ ಕಂಪ್ಯೂಟರಿನಲ್ಲಿ ನಾನು ಒತ್ತುವುದೂ ಅದನ್ನೇ. ನಾಳೆಯ ದೋಸೆಗೆ ಅಕ್ಕಿ ನೆನೆದು ಕಾಯುತ್ತಿತ್ತು. ನಮ್ಮ ಗ್ರೈಂಡರು ನಾನು ಮದುವೆಯಾಗಿ ಬಂದಾಗಿನದು. ಸ್ವಿಚ್ ಹಾಕಿ, ಎಡಗೈಯಿಂದ ಒಂದು ಗುದ್ದು ಕೊಟ್ಟರೆ ಮಾತ್ರ ತಿರುಗುತ್ತದೆ. ಬೇರೆ ಯಾರು ಗುದ್ದಿದರೂ ತಿರುಗುವುದಿಲ್ಲ. ಯಜಮಾನರು ನೋಡುತ್ತಿದ್ದಾರೆಂದು ಗೊತ್ತಾಗಿ, ‘ಇದರ ಡ್ರೈವರ್ರೂ ಹಳೇದೇ’ ಎಂದು ಅವರು ಬಾಯಿ ತೆರೆಯುವ ಮೊದಲೇ ಗುದ್ದಿ, ಅಕ್ಕಿ ಸುರಿದೆ.