ಬಿಳಿ ಐದನ್ನು ಬಿಡದ ನಮ್ಮ ಯಜಮಾನರು

ನಮ್ಮ ಯಜಮಾನರ ಗಂಟಲಿಗೆ ಇಡೀ ಹುಮನಾಬಾದ ತಾಲೂಕಿನಲ್ಲಿ ಎದುರಾಳಿಯಿಲ್ಲ. ಇದು ನನ್ನ ಮಾತಲ್ಲ, ಅವರದೇ! ದುಬಲಗುಂಡಿಯ ನಮ್ಮ ಭಜನಾ ಮೇಳಕ್ಕೆ ಅವರೇ ಮುಖ್ಯ ಹಾಡುಗಾರರು. ಹಾರ್ಮೋನಿಯಂ ನುಡಿಸಲು ಯಾರೇ ಕೂರಲಿ, ಅಪ್ಪಣೆ ಒಂದೇ: “ಬಿಳಿ ಐದು ಹಿಡಿ!” ಎಂದರೆ, ಪೆಟ್ಟಿಗೆಯ ಮೇಲೆ ಬೆರಳೊತ್ತುವ ಐದನೆಯ ಬಿಳಿ ಮನೆಯೇ ಅವರ ‘ಸಾ’. ನಮ್ಮ ಮಾವನವರು ಅದೇ ಪಟ್ಟಿಯಲ್ಲಿ, ಅದೇ ಶ್ರುತಿಯಲ್ಲಿ ಹಾಡುತ್ತಿದ್ದರಂತೆ. ಹೊಲದ ಜೊತೆ ಅದೂ ತಮ್ಮ ಪಾಲಿಗೆ ಬಂದಿದೆಯೆಂದು ಇವರ ತಿಳಿವಳಿಕೆ!

ದನಿ ಏರಿಸಬೇಕಾದ ಮೇಲಿನ ಸಾಲು ಬಂದಾಗ ಇವರ ಚಾಲಾಕಿತನ ನೋಡಬೇಕು. ತಾಳ ಎತ್ತಿ, “ನೀವೂ ಹೇಳ್ರಿ!” ಎಂದು ಜನರ ಕಡೆ ತಿರುಗುವರು. ಜನ ಅದನ್ನು ಭಕ್ತಿಯೆಂದುಕೊಳ್ಳುವರು. ಭಕ್ತಿ ಎಲ್ಲಿಯದು, ಉಸಿರೇ ಇರಲಿಲ್ಲ! ಒಮ್ಮೆ ಮುಡಬಿ ಊರಿನ ಭಜನೆಯಲ್ಲಿ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಇವರೇ ಏರಿದರು, ದನಿ ಒಡೆಯಿತು. ಉಳಿದ ಸ್ವರವನ್ನು ಹೊರಗೆ ಕಟ್ಟಿದ್ದ ಆಡು ಪೂರ್ತಿ ಮಾಡಿತು!

ಮನೆಗೆ ಬಂದವರೇ ತಾಳವನ್ನು ಗೂಟಕ್ಕೆ ಹಾಕಿದರು. “ದನಿ ಹೋಯ್ತು. ಇನ್ನ ನಾ ಹಾಡಂಗಿಲ್ಲ.”

ಜ್ಯೇಷ್ಠಮಧು ಜಗಿಸಿದೆ, ಮೆಣಸಿನ ಕಷಾಯ ಕುಡಿಸಿದೆ. ಹುಮನಾಬಾದದ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, “ಗಂಟಲು ಛಲೋ ಅದರಿ” ಎಂದರು. ಛಲೋ ಇದ್ದರೆ ಮನೆ ಯಾಕೆ ಹೀಗೆ ಭಣಗುಡಬೇಕು? ಎಮ್ಮೆ ಹಿಂಡುವಾಗಲೂ ಗುನುಗುತ್ತಿದ್ದವರು ಈಗ ಎಮ್ಮೆಯ ಮುಂದೂ ಮೂಕರು!

ಆಗ ಬಸವಕಲ್ಯಾಣದಿಂದ ಹಾರ್ಮೋನಿಯಂ ಹೊತ್ತು ಬಂದಳು ನನ್ನ ಮೊಮ್ಮಗಳು, ನನ್ನ ಬಂಗಾರ! ಅಲ್ಲಿ ಹಾಡಷ್ಟೇ ಅಲ್ಲ, ಸಂಗೀತದ ಶಾಸ್ತ್ರವನ್ನೂ ಕಲಿಯುತ್ತಾಳೆ. “ಹಾಡವರಿಗಿ ಶಾಸ್ತ್ರ ಯಾಕ? ಕೋಗಿಲಿ ಸಾಲಿಗಿ ಹೋಗ್ಯದೇನು?” ಎಂದು ಇವರು ಸದಾ ಅಣಕಿಸುತ್ತಿದ್ದರು. ಈಗ ಮುಡಬಿಯ ಕಥೆಯನ್ನೆಲ್ಲ ಕೇಳಿ ಅವಳು ನಕ್ಕಳು.

“ಮುತ್ಯಾ, ದನಿ ಹೋಗಿಲ್ಲ. ಬಿಳಿ ಮೂರರಾಗ ಹಾಡು.”

“ನಮ್ಮಪ್ಪನ ಪಟ್ಟಿ ಇಳಿಸ್ಲಾ? ಹಾಡೇ ಕೆಡ್ತದ!”

“ಕೆಡಂಗಿಲ್ಲ. ಸ್ವರದಿಂದ ಸ್ವರಕ್ಕ ಇರೋ ದೂರ ಅಷ್ಟೇ ಇಟ್ರ, ಎಲ್ಲಿಂದ ಸುರು ಮಾಡಿದ್ರೂ ಹಾಡು ಅದೇ. ನಿಮ್ಮಪ್ಪನ ಗಂಟಲಿಗಿ ಅದು, ನಿನ್ನ ಗಂಟಲಿಗಿ ಇದು.”

ಮೂರನೆಯ ಇಯತ್ತೆಗೇ ಸಾಲೆ ಬಿಟ್ಟ ನನಗೂ ತಿಳಿಯಿತು! ಇವರಿಗೆ?

“ಶಾಸ್ತ್ರ ನನಗ ಹೇಳ್ತಿ?”

“ಮತ್ತ ಆಡಿಗಿ ಹೇಳ್ಲಾ?”

ಅವಳು ಬಿಳಿ ಮೂರು ಹಿಡಿದಳು, ಇವರು ಗೊಣಗುತ್ತಲೇ ಶುರು ಮಾಡಿದರು. ಮೇಲಿನ ಸಾಲು ಬಂತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ದನಿ ಏರಿತು, ನಿಂತಿತು, ಒಡೆಯಲಿಲ್ಲ! ತಮಗೇ ನಂಬಿಕೆ ಸಾಲದೆ ಅದೇ ಸಾಲನ್ನು ಮತ್ತೆ ಮತ್ತೆ ಹಾಡಿದರು.

ನಾನು ಒಳಗೆ ಹೋಗಿ ಒಲೆಯ ಮುಂದೆ ಅತ್ತೆ. ವಯಸ್ಸು ಮೊದಲು ದನಿ ಒಯ್ದಿದೆ, ಮುಂದೆ ಮನುಷ್ಯನನ್ನೇ ಒಯ್ಯುತ್ತದೆ ಎಂದು ಯಾರಿಗೂ ಹೇಳದೆ ಹೆದರಿ ಕೂತಿದ್ದೆ. ಒಯ್ದದ್ದು ಹಾರ್ಮೋನಿಯಂನ ಎರಡೇ ಬಿಳಿ ಮನೆ. ಅಷ್ಟು ಒಯ್ಯಲಿ ಬಿಡಿ.