ರಾಕ್ಷಸನ ಮುಖಕ್ಕೆ ಮೊಸರಿನ ಬಟ್ಟೆ

ನಮ್ಮ ಮುತ್ತಜ್ಜ ಸೋಮಲಿಂಗಪ್ಪ ಮುಖಕ್ಕೆ ಕೆಂಪು ಬಣ್ಣ ಬಳಿದುಕೊಂಡು ರಾಕ್ಷಸನಾಗಿ ರಂಗಕ್ಕೆ ಬಂದರೆ ಖಾನಾಪುರದ ನಾಯಿಗಳು ಬೊಗಳುವುದನ್ನು ಮರೆತು ಬಾಲ ಮುದುರಿಕೊಂಡು ಕೂಡುತ್ತಿದ್ದವಂತೆ. ಅವನ ಮಗ, ನಮ್ಮಜ್ಜ ಗುರುಸಿದ್ದಪ್ಪ, ಒಮ್ಮೆ ಗರ್ಜಿಸಿದ್ದಕ್ಕೆ ಮುಂದಿನ ಸಾಲಿನಲ್ಲಿದ್ದ ಫೌಜದಾರ ಟೊಪ್ಪಿಗೆ ತೆಗೆದು ಕೈಮುಗಿದನಂತೆ. ನಮ್ಮಪ್ಪ ಬಣ್ಣದ ಮುಖದಲ್ಲೇ ಮನೆಗೆ ಬಂದು ಅಂಗಳದಲ್ಲಿದ್ದ ಕಳ್ಳನನ್ನು ಓಡಿಸಿದ್ದು ಇಡೀ ಓಣಿಗೆ ಗೊತ್ತು. ಹೀಗೆ ಊರ ನಾಟಕದ ರಾಕ್ಷಸ ನಮ್ಮ ಮನೆ ಬಿಟ್ಟು ಎಲ್ಲೂ ಹೋದವನಲ್ಲ. ಅಪ್ಪನ ನಂತರ ಅಣ್ಣ ಆ ಪಾತ್ರ ಹಿಡಿದ. ಈ ವರ್ಷ ಅವನ ಹಲ್ಲು, ದನಿ ಎರಡೂ ಕೈಕೊಟ್ಟವು. ಅಂತೂ ರಾಕ್ಷಸತ್ವ ನನಗೆ ಒಲಿಯಿತು!

ನಾನು ಗುರುಪಾದಪ್ಪ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವನಲ್ಲ. ಬೆಳಗಾವಿಯ ಆಟೋ ನಗರದಲ್ಲಿ ಲಾರಿ ಇಂಜಿನ್ನಿನ ಕೆಮ್ಮು ಕೇಳಿಯೇ ಅದರ ರೋಗ ಹೇಳುವುದನ್ನು ಯಾರೂ ಕಲಿಸದೆ ಕಲಿತು, ಅದರಲ್ಲೇ ಆಯುಷ್ಯ ಸವೆಸಿದವನು. ಇಂಥವನಿಗೆ ಮುಖಕ್ಕೆ ಬಣ್ಣ ಬಳಿದುಕೊಳ್ಳುವುದು ಯಾವ ಮಹಾ ವಿದ್ಯೆ?

ನಾಟಕ ಕಲಿಸುವ ಓಂಕಾರನಿಗೆ ಮಾತ್ರ ಅನುಮಾನ. "ಕಾಕಾ, ಈ ವಯಸ್ಸಿನ್ಯಾಗ ಬಣ್ಣದ ತ್ರಾಸ ಯಾಕ? ನಾ ಆನ್‌ಲೈನ್‌ನ್ಯಾಗ ರಬ್ಬರಿನ ಮುಖವಾಡ ತರಿಸೇನಿ. ನಿಮಗ ಬಣ್ಣ ಆಗಿ ಬರಲಿಲ್ಲಂದ್ರ ಅದನ್ನ ಹಾಕ್ಕೊಂಡು ಪಾತ್ರ ನಾನ ಮಾಡತೀನಿ" ಎಂದ.

"ನಮ್ಮ ಮನಿ ರಾಕ್ಷಸಗ ರಬ್ಬರ್ ಮಾರಿ? ನಾ ಬಣ್ಣದಾಗ ನಿಂದರಲಿಲ್ಲಂದ್ರ ಪಾತ್ರ ನಿಂದ, ತಗೋ" ಎಂದು ಮಾತು ಕೊಟ್ಟುಬಿಟ್ಟೆ.

ರವಿವಾರ ಪೇಟೆಗೆ ಹೋಗಿ ಕೆಂಪು ಬಣ್ಣ ಕೇಳಿದೆ. "ಯಾವುದಕ್ಕ ಹಚ್ಚಾವ್ರು?" ಎಂದ ಅಂಗಡಿಯವ.

"ರಾಕ್ಷಸಗ."

ಅವನು ಯಾವುದೋ ಮಂಟಪದ ಗೊಂಬೆ ಎಂದುಕೊಂಡಿರಬೇಕು. "ಹಂಗಾರ ಇದನ್ನ ಒಯ್ಯರಿ. ಮಳಿಗೂ ಹೋಗಂಗಿಲ್ಲ" ಎಂದ. ಈ ಮಾತನ್ನು ನಾನು ಬಣ್ಣದ ಹೊಗಳಿಕೆ ಎಂದುಕೊಂಡೆನೇ ಹೊರತು ಎಚ್ಚರಿಕೆ ಎಂದುಕೊಳ್ಳಲಿಲ್ಲ.

ನಾಟಕದ ಹಿಂದಿನ ದಿನ ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ ಬಣ್ಣದ ತಾಲೀಮು. ಕನ್ನಡಿಯ ಮುಂದೆ ಕೂತಾಗ ಮೊಮ್ಮಗಳು ನೇತ್ರಾ ಬಂದಳು. ಅವಳು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವವಳು.

"ಅಜ್ಜಾ, ದಾಡಿ ಸೋಪು ಬದಲಿ ಮಾಡಿದ್ರ ಗದ್ದ ಕೆಂಪಗ ಆಗತೈತಿ ನಿಂದು. ಮೊದಲ ಕಿವಿ ಹಿಂದ ಚೂರು ಹಚ್ಚಿ, ನಾಳೆತನಕ ನೋಡೂಣು."

"ಕಿವಿ ಹಿಂದ ಹಚ್ಚಿದ್ರ ಮುಂದ ಕುಂತ ಮಂದಿಗೆ ಏನ ಕಾಣತೈತಿ?"

ಅಷ್ಟರಲ್ಲಿ ನನ್ನ ಹೆಂಡತಿ ಬಾಳವ್ವ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಬಂದಳು. "ರೀ, ಒಂದ ಮಾತು..."

"ರಾಕ್ಷಸನ ಮುಂದ ಮಾತಾಡಬ್ಯಾಡ!" ಎಂದು ಗರ್ಜಿಸಿದೆ. ಅವಳು ಬಟ್ಟಲನ್ನು ಅಲ್ಲೇ ಇಟ್ಟು ಒಳಗೆ ಹೋದಳು.

ಬಳಿದೆ. ಹಣೆ, ಗಲ್ಲ, ಮೂಗು, ಗದ್ದ ಎಲ್ಲ ಕಾದ ಕಬ್ಬಿಣದ ಕೆಂಪು. ಮುತ್ತಜ್ಜನೇ ಎದ್ದು ಬಂದಂತಿತ್ತು. ಒಣಗುತ್ತ ಒಣಗುತ್ತ ಮುಖ ಹಲಗೆ ವಾದ್ಯದ ತೊಗಲಿನಂತೆ ಬಿಗಿಯಿತು. ನಗಲು ಹೋದರೆ ಬಾಯಿ ಬರಲಿಲ್ಲ. ಆಮೇಲೆ ಸಣ್ಣಗೆ ತುರಿಕೆ, ತುರಿಕೆಯ ಹಿಂದೆ ಉರಿ.

ಈಗ ತೆಗೆಯಬೇಕಲ್ಲ? ಆಗ ಹೊಳೆಯಿತು, ನಾನು ಕಲಿತದ್ದು ಅರ್ಧ ವಿದ್ಯೆ ಎಂದು. ಸಣ್ಣವನಿದ್ದಾಗ ಅಪ್ಪ ಬಣ್ಣ ಹಚ್ಚಿಕೊಳ್ಳುವುದನ್ನು ಕಣ್ಣು ಪಿಳುಕಿಸದೆ ನೋಡುತ್ತಿದ್ದೆ. ಆಟ ಮುಗಿದು ಅವನು ಬಣ್ಣ ತೆಗೆಯುವ ಹೊತ್ತಿಗೆ ನನಗೆ ಗಡದ್ದು ನಿದ್ದೆ!

ಬಾಳವ್ವನನ್ನು ಕರೆಯಲು ಮಾನ ಒಪ್ಪಲಿಲ್ಲ. ಆಟೋ ನಗರದ ವಿದ್ಯೆ ಇದೆಯಲ್ಲ! ಗ್ಯಾರೇಜಿನಲ್ಲಿ ಕೈಗೆ ಹತ್ತಿದ ಗ್ರೀಸು ಹೋಗಲು ಕಟ್ಟಿಗೆಯ ಹೊಟ್ಟಿಗೆ ಸೋಪಿನ ಪುಡಿ ಕಲಸಿ, ಮೇಲೆ ಸೀಮೆಎಣ್ಣೆ ಹನಿಸಿ ತಿಕ್ಕುತ್ತಿದ್ದೆವು. ಲಾರಿಯ ಗೇರ್‌ಬಾಕ್ಸಿಗೇ ಸೋಲದ ಮದ್ದು ನನ್ನ ಗಲ್ಲಕ್ಕೆ ಸೋತೀತೆ? ಬಚ್ಚಲಿನ ಕದ ಹಾಕಿಕೊಂಡು ತಿಕ್ಕಿದೆ. ಬಣ್ಣ ಹೋಯಿತು. ಅದರ ಹಿಂದೆಯೇ ಮುಖವೂ ಹೊರಟು ನಿಂತಿತು.

ಬೆಳಗ್ಗೆ ಕನ್ನಡಿಯಲ್ಲಿ ಯಾರೋ ನಿಂತಿದ್ದರು. ಹೆದರಿ ಹಿಂದೆ ಸರಿದೆ. ಅವರೂ ಸರಿದರು. ಗಲ್ಲ ಊದಿ ಬದನೆಕಾಯಿ, ಕಣ್ಣು ಗೀರು, ಮೂಗು ಮಾಗಿದ ಟೊಮ್ಯಾಟೊ. ನೇತ್ರಾ ನನ್ನನ್ನು ಚರ್ಮದ ಡಾಕ್ಟರ ಹತ್ತಿರ ಎಳೆದೊಯ್ದಳು. ಅವರು ಗುಳಿಗೆ ಕೊಟ್ಟು, ಮುಖಕ್ಕೆ ಬಣ್ಣ, ಸೋಪು, ಪೌಡರು ಏನನ್ನೂ ಸೋಕಿಸಬಾರದೆಂದು ಕಟ್ಟಪ್ಪಣೆ ಮಾಡಿದರು.

"ಕೇಳಿದ್ಯಲ್ಲ ಅಜ್ಜಾ? ಹಣಿಗೆ ಇಬತ್ತಿ ಸೈತ ಹಚ್ಚಂಗಿಲ್ಲ" ಎಂದಳು ನೇತ್ರಾ.

ನಾಟಕ ಅಂದೇ ಸಂಜೆ. ನಾನು ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದೆ. ಉರಿಯ ದುಃಖ ಒಂದು ಕಡೆ, ರಬ್ಬರಿನ ದುಃಖ ಇನ್ನೊಂದು ಕಡೆ. ಬಾಳವ್ವ ತಣ್ಣನೆಯ ಮೊಸರಿನಲ್ಲಿ ಅದ್ದಿದ ಬಟ್ಟೆಯನ್ನು ನನ್ನ ಮುಖದ ಮೇಲೆ ಮೆಲ್ಲಗೆ ಹಾಸಿದಳು.

"ನಿಮ್ಮಪ್ಪ ಆಟ ಮುಗಿಸಿ ಬಂದ ಮ್ಯಾಲ ಏನ ಮಾಡತಿದ್ರು, ಗೊತ್ತೈತೇನು?"

"ಕಳ್ಳರನ್ನ ಓಡಸತಿದ್ದ."

"ಹಿಂಗ ಮೊಸರಿನ ಅರಿವಿ ಹಾಕ್ಕೊಂಡು ಯವ್ವಾ ಯಪ್ಪಾ ಅಂತ ನರಳತಿದ್ರು. ನೀವು ಗೊರಕಿ ಹೊಡೀತಿದ್ರಿ, ನಾ ಬೀಸಣಿಕಿ ಬೀಸತಿದ್ದೆ. ಬಣ್ಣ ಹಚ್ಚೂ ಮೊದಲ ಕೊಬ್ಬರಿ ಎಣ್ಣಿ, ತೆಗಿಯಾಕೂ ಕೊಬ್ಬರಿ ಎಣ್ಣಿ. ಅಷ್ಟ ಮಾಡಿದ್ರೂ ಉರೀತಿತ್ತು. ಮುತ್ಯಾಂದೂ ಇದ ಹಣೇಬಾರ ಇತ್ತಂತ ಅತ್ತಿ ಹೇಳತಿದ್ರು. ನಿಮ್ಮ ಮನಿತನದ ಚರ್ಮನ ಹಂತಾದ್ದು."

"ಮತ್ತ ಮೊದಲ ಯಾಕ ಹೇಳಲಿಲ್ಲ?"

"ಹೇಳಾಕ ಬಂದಿದ್ದೆ. ರಾಕ್ಷಸ ಬಿಡಲಿಲ್ಲ."

ನಾಯಿಗಳನ್ನು ಹೆದರಿಸಿದ ಆ ಮಹಾವೀರರೆಲ್ಲ ಮೊಸರಿನ ಅಡಿಯಲ್ಲಿ ಮಲಗಿದ್ದರೆಂದು ತಿಳಿದಾಗ ಯಾಕೋ ಅವರ ಮೇಲೆ ಪ್ರೀತಿ ಉಕ್ಕಿತು. ಬಾಳವ್ವ ಬಟ್ಟೆ ತೆಗೆದು ನನ್ನನ್ನು ಆ ಮಗ್ಗುಲಿಗೊಮ್ಮೆ ಈ ಮಗ್ಗುಲಿಗೊಮ್ಮೆ ತಿರುಗಿಸಿ ನೋಡಿದಳು. ಅವಳ ತುಟಿಯ ಅಂಚಿನಲ್ಲಿ ನಗು.

"ಇನ್ನ ಹಚ್ಚೂದು ಏನ ಉಳದೈತ್ರಿ? ಕಿರೀಟ ಇಟಗೊಂಡು ಹಂಗ ಹೋಗಿ ನಿಂದರ್ರಿ."

ಹೋದೆ. ಖಾನಾಪುರ ಮುಟ್ಟುವವರೆಗೆ ಬಸ್ಸಿನಲ್ಲಿ ನನ್ನ ಬಾಜು ಸೀಟು ಖಾಲಿಯೇ ಇತ್ತು. ಪರದೆ ಸರಿದು ನಾನು ಬೆಳಕಿಗೆ ಬಂದದ್ದೇ ತಡ, ಮಂದಿ ಉಸಿರು ಹಿಡಿದರು. ಕಿರೀಟದ ಕೆಳಗಿನಿಂದ ಬೆವರು ಗಲ್ಲಕ್ಕಿಳಿಯಿತು ನೋಡಿ, ಆ ಉರಿಗೆ ನಾನು ಹಾಕಿದ ಗರ್ಜನೆಯಲ್ಲಿ ಅಭಿನಯ ಎಳ್ಳಷ್ಟೂ ಇರಲಿಲ್ಲ. ಚಪ್ಪಾಳೆಯೋ ಚಪ್ಪಾಳೆ!

ಆಟ ಮುಗಿದ ಮೇಲೆ ಓಂಕಾರ ಒಳಗೆ ಬಂದ. ಒಂದು ಕೈಯಲ್ಲಿ ಎಣ್ಣೆಯ ಬಟ್ಟಲು, ಇನ್ನೊಂದರಲ್ಲಿ ದಪ್ಪ ಟವೆಲ್ಲು. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, "ಕಾಕಾ, ತಪ್ಪಾತು. ಹಿಂತಾ ಬಣ್ಣದ ಮುಂದ ರಬ್ಬರ್ ಎಲ್ಲಿ ನಿಂದರತೈತಿ? ಕುಂದರ್ರಿ, ನನ್ನ ಕೈಲೇ ಒರಸತೀನಿ" ಎಂದ. ಟವೆಲ್ಲು ನನ್ನ ಮೂಗಿನ ಹತ್ತಿರ ಬಂತು.

ನಾನು ಎರಡೂ ಕೈ ಅಡ್ಡ ಹಿಡಿದೆ.

"ಬ್ಯಾಡೋ ತಮ್ಮಾ, ಮುಟ್ಟಬ್ಯಾಡ. ಬಣ್ಣ ನಿನ್ನೇನ ತಗದೇನಿ. ಈಗ ಉಳದದ್ದು ನಾನ."