ಕಿವಿರು ಎತ್ತಿ ನೋಡಿದ ಮೇಲೆ

ನುಡಿಗಟ್ಟಿನ ಅರ್ಥವನ್ನು ತರಗತಿಯಲ್ಲೇ ಹೇಳಿ ಮುಗಿಸಿದೆ ಎಂದು ಮಾಷ್ಟ್ರು ಅಂದುಕೊಳ್ಳಬಹುದು. ಅದು ಅಷ್ಟಕ್ಕೆ ಬಿಡುವುದಿಲ್ಲ, ಭಾನುವಾರ ಮನೆಯ ಗೇಟಿಗೇ ಬಂದು ನಿಲ್ಲುತ್ತದೆ. ಕುಂದಾಪುರದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ನನಗೆ ಹೀಗೇ ಆಯಿತು.

೧. ಹಾರ್ನ್

"ಎರಡಲಗಿನ ಕತ್ತಿ ಎಂದರೆ ಉಪಕಾರವನ್ನೂ ಉಪದ್ರವವನ್ನೂ ಒಟ್ಟಿಗೇ ಮಾಡುವಂಥದ್ದು. ನಿಮ್ಮದೇ ಉದಾಹರಣೆ ಕೊಡಿ, ಗೈಡಿನದ್ದು ಬೇಡ" ಎಂದೆ.

ಹಿಂದಿನ ಬೆಂಚಿನವನು ಎದ್ದ. "ಮೀನ್ ಗಾಡಿ ಹಾರ್ನ್, ಸರ್. ಗಿರಾಕಿಯೂ ಬತ್ರ್, ಬೆಕ್ಕೂ ಬತ್ತ್."

"ಇಂಗ್ಲಿಷಿನಲ್ಲಿ ಹೇಳು."

"ಇಂಗ್ಲಿಷಂಗೆ ಹೇಳಿರೆ ಬೆಕ್ಕ್ ಬತ್ತಿಲ್ಲೆ, ಸರ್."

೨. ಬೇಡ

ಕಿವಿರು ಎತ್ತಿ ತಾಜಾತನದ ಕೆಂಪು ನೋಡದೆ ನಾನು ಮೀನು ಕೊಂಡವನಲ್ಲ. ಒಂದು ಭಾನುವಾರ ಮೀನು ಮಾರುವಾಕೆ ಗೇಟಿನ ಮುಂದೆ ಬುಟ್ಟಿ ಇಳಿಸಿದಳು. ಬಂಗುಡೆಯ ಕಿವಿರು ಕಂದಿತ್ತು. "ಬೇಡ" ಎಂದೆ, ತರಗತಿಯ ಧ್ವನಿಯಲ್ಲಿ. ಪಾತ್ರೆ ಹಿಡಿದು ಬರುತ್ತಿದ್ದ ಓಣಿಯ ಹೆಂಗಸರೆಲ್ಲ ಅಲ್ಲಿಂದಲೇ ಹಿಂದಿರುಗಿದರು.

"ಹ್ವಾಯ್ ಮಾಷ್ಟ್ರೇ, ಮೆಲ್ಲ ಹೇಳುಕ್ ಆತಿಲ್ಯಾ? ಇನ್ ನಾನ್ ಬೆಕ್ಕಿಗ್ ಮಾರುದಾ?"

೩. ಪರವಾಗಿಲ್ಲ

ಮುಂದಿನ ವಾರ ಕಿವಿರು ದಾಸವಾಳದಂತಿತ್ತು. "ಪರವಾಗಿಲ್ಲ" ಎಂದೆ. ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನನ್ನ ಬಾಯಲ್ಲಿ ಯಾರೂ ಕೇಳಿಲ್ಲ, ನನ್ನ ಹೆಂಡತಿಯೂ. ಒಳಗಿಂದ ಪಾತ್ರೆ ತರುವಷ್ಟರಲ್ಲಿ ಬುಟ್ಟಿ ಖಾಲಿ.

"ನಿಮ್ ಒಂದ್ ಮಾತಿಗೆ ಅಷ್ಟೂ ಹೋಯ್ತ್ ಮಾಷ್ಟ್ರೇ. ನಿಮ್ಗೇ ಇಲ್ಲೆ."

ಮಧ್ಯಾಹ್ನ ಸೌತೆಕಾಯಿ ಹುಳಿ ಉಂಡೆವು.

೪. ಉದಾಹರಣೆ

ಮೀನು ಮಾರುವಾಕೆಯ ಮಗಳು ನನ್ನ ತರಗತಿಯಲ್ಲೇ ಇದ್ದಳು. ಅದೇ ನುಡಿಗಟ್ಟನ್ನು ಮತ್ತೆ ಕೇಳಿದಾಗ ಎದ್ದು, "ನೀವೇ, ಸರ್" ಎಂದಳು. "ನೀವ್ ಪರವಾಗಿಲ್ಲ ಅಂದ್ರೆ ಅಮ್ಮನ್ ಬುಟ್ಟಿ ಖಾಲಿ. ಬ್ಯಾಡ ಅಂದ್ರೆ ನಮ್ಗೆ ಮಾರನೇ ದಿನವೂ ಅದೇ ಮೀನ್ ಸಾರ್."

ಸರಿಯುತ್ತರವನ್ನು ತಪ್ಪೆನ್ನುವುದು ನನ್ನಿಂದಾಗದು. "ಸರಿ, ಕುಳಿತುಕೋ" ಎಂದೆ.

"ಇಂಗ್ಲಿಷಂಗೂ ಹೇಳ್ಲಾ, ಸರ್?"

"ಬೇಡ" ಎಂದೆ. ಜೀವನದಲ್ಲಿ ಮೊದಲ ಬಾರಿ, ಮೆಲ್ಲಗೆ.

೫. ಅನುವಾದ

ಸುಳ್ಳು ಹೇಳುವಂತಿಲ್ಲ, ಆಕೆಯ ಬುಟ್ಟಿಯೂ ಉಳಿಯಬಾರದು. ಇಂಗ್ಲಿಷಿನಲ್ಲಿ ಹೇಳಿದರೆ ಓಣಿಗೆ ತಿಳಿಯದು ಎಂದು ಉಪಾಯ ಮಾಡಿದೆ. ಆ ಭಾನುವಾರ ಕಿವಿರು ಮತ್ತೆ ಕಂದಿತ್ತು.

"ಅನ್‌ಸ್ಯಾಟಿಸ್‌ಫ್ಯಾಕ್ಟರಿ" ಎಂದೆ.

ಓಣಿ ಪಾತ್ರೆ ಹಿಡಿದು ನಿಂತೇ ಇತ್ತು. "ಮಾಷ್ಟ್ರ್ ಎಂತ ಅಂದ್ರ್?"

ತಾಯಿಯ ಜೊತೆ ಬಂದಿದ್ದ ಮಗಳು ಓಣಿಯತ್ತ ತಿರುಗಿದಳು. ಆ ಪದವನ್ನು ಅವಳಿಗೆ ಅರ್ಥಸಹಿತ ಕಲಿಸಿದವನು ನಾನೇ.

"ಪರವಾಗಿಲ್ಲ ಅಂದ್ರ್" ಎಂದಳು.

ತಿದ್ದಲು ನಾನು ಬಾಯಿ ತೆರೆಯುವಷ್ಟರಲ್ಲಿ ಬುಟ್ಟಿ ಖಾಲಿ. ಅಂದು ಮಧ್ಯಾಹ್ನ ಓಣಿಯ ಬೆಕ್ಕುಗಳಿಗೆಲ್ಲ ಹಬ್ಬ, ಹಾರ್ನ್ ಇಲ್ಲದೆಯೇ.